ಮೂರು ವಾರ, ಎಂಟು ವರ್ಷ

ಕಳೆದ ಜನವರಿಯಲ್ಲಿ ದಾವಣಗೆರೆಗೆ ಹೋದಾಗ ಚಿಕ್ಕಪ್ಪನವರ ಮಂಡಕ್ಕಿ ಭಟ್ಟಿಯ ಒಲೆ ಆರಿತ್ತು. ಚಿಕ್ಕವನಿದ್ದಾಗ ಶಾಲೆ ಬಿಟ್ಟೊಡನೆ ನಾನು ಅಲ್ಲಿಗೆ ಓಡುತ್ತಿದ್ದೆ. ಭತ್ತದ ಹೊಟ್ಟಿನ ಉರಿ, ಬಾಣಲೆಯಲ್ಲಿ ಕಾದ ಮರಳು, ಅದಕ್ಕೆ ಸುರಿದ ಅಕ್ಕಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅರಳಿ ಬೆಳ್ಳಗಾಗುವ ಬೆರಗು, ಜರಡಿಯಿಂದ ಮರಳು ಇಳಿಯುವ ಸದ್ದು. ಈಗ ಆ ಮರಳು ಬಾಣಲೆಯ ತಳಕ್ಕೆ ಕಚ್ಚಿಕೊಂಡಿತ್ತು. ಕದದ ಮೇಲೆ ಬ್ಯಾಂಕಿನ ಸ್ವಾಧೀನ ನೋಟಿಸು. ಇಂಥ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಎನ್ನುವುದು ನಿಯಮ. ಚಿಕ್ಕಪ್ಪ ಅಂದು ಪತ್ರಿಕೆ ತರಿಸಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಬೀದಿಯೆಲ್ಲ ಓದಿಯಾಗಿತ್ತು.

ನಾನು ಹನ್ನೊಂದು ವರ್ಷಗಳಿಂದ ಜರ್ಮನಿಯಲ್ಲಿ, ಸ್ಟಟ್‌ಗಾರ್ಟ್ ಸಮೀಪದ ಒಂದು ಸಣ್ಣ ಊರಿನಲ್ಲಿದ್ದೇನೆ. ನಮ್ಮ ಮನೆಯ ಕೆಳಗಿನ ತಿರುವಿನಲ್ಲಿ ಒಂದು ಬೇಕರಿ ಇತ್ತು. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ಬೆಲೆ ಮುಗಿಲಿಗೇರಿದಾಗ ಅದರ ಮಾಲೀಕರಿಗೆ ಒಲೆ ಉರಿಸುವ ಖರ್ಚೇ ಭಾರವಾಯಿತು. ಮರುವರ್ಷ ಅಂಗಡಿ ಮುಚ್ಚಿತು. ಗಾಜಿನ ಬಾಗಿಲಿಗೆ ಅವರೇ ಕೈಯಾರೆ ಬರೆದ ಒಂದು ಚೀಟಿ: ಇಷ್ಟು ವರ್ಷ ಬಂದುದಕ್ಕೆ ವಂದನೆಗಳು, ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇನೆ. ಈಗ ಅವರು ಪಕ್ಕದ ಊರಿನ ದೊಡ್ಡ ಬೇಕರಿಯಲ್ಲಿ ಸಂಬಳಕ್ಕೆ ದುಡಿಯುತ್ತಾರೆ. ಬಸ್ಸಿನಲ್ಲಿ ಸಿಕ್ಕಾಗ ಮುಖ ತಪ್ಪಿಸಿಕೊಳ್ಳುವುದಿಲ್ಲ, ಪಕ್ಕದಲ್ಲೇ ಕುಳಿತು ಮಾತನಾಡುತ್ತಾರೆ.

ಎರಡೂ ಒಲೆಯ ಕಸುಬು. ಎರಡೂ ಕಡೆ ಬ್ಯಾಂಕಿನ ಸಾಲ, ಎರಡೂ ಕಡೆ ನಷ್ಟ. ಒಬ್ಬರು ತಲೆಯೆತ್ತಿ ನಡೆಯುತ್ತಾರೆ, ಇನ್ನೊಬ್ಬರು ಸಂಜೆ ಕತ್ತಲಾದ ಮೇಲೆ ಮಾತ್ರ ಮನೆಯಿಂದ ಹೊರಗೆ ಬರುತ್ತಾರೆ. ಏಕೆ ಹೀಗೆ ಎಂದು ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇನೆ. ಸಾಲ ಕೆಡುವುದು ವ್ಯಾಪಾರದಲ್ಲಿ ಇದ್ದದ್ದೇ. ಕೆಟ್ಟಿದೆ ಎಂದು ಯಾವಾಗ ಒಪ್ಪಿಕೊಳ್ಳುತ್ತೇವೆ ಎನ್ನುವುದರಲ್ಲಿ ಎಲ್ಲವೂ ಇದೆ ಎಂದು ಈಗ ನನಗೆ ಖಚಿತವಾಗಿ ಅನಿಸುತ್ತದೆ.

ಚಿಕ್ಕಪ್ಪನವರ ಹಳೆಯ ಪಾಸ್‌ಬುಕ್ಕುಗಳನ್ನು ಮುಂದಿಟ್ಟುಕೊಂಡು ಇಬ್ಬರೂ ಒಂದು ಇಡೀ ದಿನ ಕುಳಿತೆವು. 2016ರಲ್ಲಿ ಬ್ಯಾಂಕು ಹದಿನೈದು ಲಕ್ಷ ರೂಪಾಯಿ ಮಿತಿಯ ಸಿಸಿ ಖಾತೆ, ಅಂದರೆ ಆ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ವ್ಯಾಪಾರದ ಸಾಲ, ಮಾಡಿಕೊಟ್ಟಿತು. ಅದೇ ನವೆಂಬರಿನಲ್ಲಿ ನೋಟು ರದ್ದಾಯಿತು. ಹಳ್ಳಿ ಸಂತೆಗಳ ಮಂಡಕ್ಕಿ ವ್ಯಾಪಾರಿಗಳು ಉದ್ರಿ ಒಯ್ದದ್ದು ಹಿಂದಿರುಗಲಿಲ್ಲ. ಭಟ್ಟಿ ನಡೆಯುತ್ತಿತ್ತು, ಬಡ್ಡಿಗೆ ಸಾಲುವಷ್ಟು ಮಾತ್ರ ಹುಟ್ಟುತ್ತಿರಲಿಲ್ಲ. ಪಾಸ್‌ಬುಕ್ಕಿನಲ್ಲಿ ಪ್ರತಿ ವರ್ಷವೂ ಒಂದೇ ಚಿತ್ರ: ಮಾರ್ಚ್ 29 ಅಥವಾ 30ರಂದು ಎರಡು ಲಕ್ಷ ಚಿಲ್ಲರೆ ಜಮಾ, ಏಪ್ರಿಲ್ ಮೊದಲ ವಾರದಲ್ಲಿ ಅಷ್ಟೇ ಮೊತ್ತ ಖರ್ಚು.

"ಇದೇನು ಚಿಕ್ಕಪ್ಪ?" ಎಂದು ಕೇಳಿದೆ.

"ಮ್ಯಾನೇಜರ್ ಫೋನ್ ಮಾಡುತ್ತಿದ್ದರು. ಖಾತೆ ಕೆಡುತ್ತದೆ, ನಾಲ್ಕು ದಿನದ ಮಟ್ಟಿಗೆ ಎಲ್ಲಿಂದಾದರೂ ತಂದು ಕಟ್ಟಿ ಎನ್ನುತ್ತಿದ್ದರು. ದಲಾಲಿ ಅಂಗಡಿಯಲ್ಲಿ ಕೈಗಡ ತಂದು ಕಟ್ಟುತ್ತಿದ್ದೆ. ಆಮೇಲೆ ತೆಗೆದು ಅವರಿಗೆ ಕೊಡುತ್ತಿದ್ದೆ."

ತೊಂಬತ್ತು ದಿನ ಬಡ್ಡಿ ಅಥವಾ ಕಂತು ಬಾರದಿದ್ದರೆ ಆ ಸಾಲವನ್ನು ವಸೂಲಾಗದ ಸಾಲ ಎಂದು ಬರೆಯಬೇಕು. 2004ರಿಂದ ನಮ್ಮಲ್ಲಿ ಇದೇ ನಿಯಮ. ಬರೆದೊಡನೆ ಬ್ಯಾಂಕು ತನ್ನ ಲಾಭದಿಂದ ಮೊದಲು ಆ ಸಾಲದ ಶೇ 15ರಷ್ಟನ್ನು ತೆಗೆದಿಡಬೇಕು. ಒಂದು ವರ್ಷ ದಾಟಿದರೆ ಇದು ಇನ್ನೂ ಏರುತ್ತದೆ. ಶಾಖೆಯ ಲಾಭ ಇಳಿಯುತ್ತದೆ, ಮ್ಯಾನೇಜರ್ ಮೇಲಿನವರಿಗೆ ಉತ್ತರ ಕೊಡಬೇಕು. ಆದ್ದರಿಂದ ಈ ಮಾರ್ಚ್ ತಿಂಗಳೊಂದು ದಾಟಲಿ ಎಂದು ಎಲ್ಲರೂ ಸೇರಿ ದೂಡುತ್ತಾರೆ. 2019ರಲ್ಲಿ ಇನ್ನೊಬ್ಬ ಮ್ಯಾನೇಜರ್ ಬಂದರು, ಮಿತಿಯನ್ನು ಇಪ್ಪತ್ತು ಲಕ್ಷಕ್ಕೆ ಏರಿಸಿದರು. ಮನೆಯಲ್ಲಿ ಅಂದು ಸಿಹಿ ಮಾಡಿದ್ದರಂತೆ. ನಾನು ಲೆಕ್ಕ ಹಾಕಿ ನೋಡಿದೆ. ಹದಿನೈದು ಲಕ್ಷಕ್ಕೆ ಶೇ 11ರಂತೆ ಮೂರು ವರ್ಷದ ಬಡ್ಡಿ ನಾಲ್ಕು ಲಕ್ಷದ ತೊಂಬತ್ತೈದು ಸಾವಿರ. ಹೊಸದಾಗಿ ಬಂದ ಐದು ಲಕ್ಷ ಹಳೆಯ ಬಡ್ಡಿಗೇ ಸರಿಹೋಯಿತು. ಒಂದು ಚೀಲ ಭತ್ತವೂ ಅದರಿಂದ ಹೆಚ್ಚಿಗೆ ಬರಲಿಲ್ಲ. 2020ರಲ್ಲಿ ಕೋವಿಡ್ ಕಾಲಕ್ಕೆಂದು ಸರ್ಕಾರದ ಖಾತರಿಯಲ್ಲಿ ಬಾಕಿಯ ಶೇ 20ರಷ್ಟು ಹೆಚ್ಚುವರಿ ಸಾಲ ಬಂತು. ಅದು ಅಗತ್ಯವಿತ್ತು, ನಾನು ಅದನ್ನು ದೂರುವುದಿಲ್ಲ. 2021ರಲ್ಲಿ ಮತ್ತೊಮ್ಮೆ ಮಿತಿ ಏರಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಭತ್ತದ ಬೆಲೆ ಏರಿತು, ದಲಾಲಿ ಅಂಗಡಿಯವರೂ ಕೈ ಹಿಂದೆ ತೆಗೆದರು. 2024ರಲ್ಲಿ ಐದನೆಯ ಮ್ಯಾನೇಜರ್ ಬಂದು ಖಾತೆ ಕೆಟ್ಟಿದೆ ಎಂದು ಬರೆದರು. ಅದು ಕೆಟ್ಟು ಆಗಲೇ ಆರು ವರ್ಷವಾಗಿತ್ತು.

2018ರಲ್ಲೇ ಯಾರಾದರೂ ಎದುರಿಗೆ ಕೂರಿಸಿಕೊಂಡು, ಯಜಮಾನರೇ, ಎರಡು ಒಲೆಯಲ್ಲಿ ಒಂದನ್ನು ನಿಲ್ಲಿಸಿ, ಇಷ್ಟು ಕಟ್ಟಿ, ಇಷ್ಟು ಬಿಡುತ್ತೇವೆ ಎಂದಿದ್ದರೆ ಸಾಕಿತ್ತು. ಹದಿನೈದು ಲಕ್ಷದಲ್ಲಿ ಮುಗಿಯಬೇಕಾದದ್ದು ಮೂವತ್ತು ದಾಟಿ ಮನೆಯ ಬಾಗಿಲಿಗೆ ಬಂತು. ಆ ನಷ್ಟ ಬ್ಯಾಂಕಿಗೂ ಆಯಿತು ಎನ್ನುವುದನ್ನು ಮರೆಯಬಾರದು.

ಜರ್ಮನಿಯ ಕಾನೂನಿನಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಒಂದು ಮಾತಿದೆ. ನಿಯಮಿತ ಕಂಪನಿಯೊಂದರ ಕೈಯಲ್ಲಿ ಬಾಕಿ ತೀರಿಸುವಷ್ಟು ಹಣ ಉಳಿಯದಿದ್ದರೆ ಅದನ್ನು ನಡೆಸುವವರು ಮೂರು ವಾರದೊಳಗೆ ದಿವಾಳಿ ನ್ಯಾಯಾಲಯಕ್ಕೆ ಅರ್ಜಿ ಹಾಕಲೇಬೇಕು. ಹಾಕದೆ ಮುಚ್ಚಿಟ್ಟರೆ ಅದು ಅಪರಾಧ, ಜೈಲಿಗೂ ಹೋಗಬೇಕಾದೀತು. ದಿವಾಳಿಯಾದದ್ದು ತಪ್ಪಲ್ಲ, ತಡ ಮಾಡಿದ್ದು ತಪ್ಪು. ಬೇಕರಿಯವರಂತೆ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವವರಿಗೆ ಈ ಗಡುವು ಅನ್ವಯಿಸುವುದಿಲ್ಲ. ಆದರೆ ಅವರಿಗೆ ಬೇರೊಂದು ದಾರಿ ತೆರೆದಿದೆ. ಆದಾಯದಲ್ಲಿ ಬದುಕಿಗೆ ಬೇಕಾದಷ್ಟನ್ನು ಬಿಟ್ಟು ಮಿಕ್ಕದ್ದನ್ನು ನ್ಯಾಯಾಲಯ ನೇಮಿಸಿದವರಿಗೆ ಒಪ್ಪಿಸುತ್ತ ಬಂದರೆ ಮೂರು ವರ್ಷದ ಬಳಿಕ ಉಳಿದ ಸಾಲದಿಂದ ಬಿಡುಗಡೆ. ಮೊದಲು ಇದಕ್ಕೆ ಆರು ವರ್ಷ ಹಿಡಿಯುತ್ತಿತ್ತು, 2020ರ ಅಕ್ಟೋಬರ್‌ನಿಂದ ಮೂರಕ್ಕೆ ಇಳಿಸಿದರು. ಸಾಲಗಾರರು ಬ್ಯಾಂಕ್ ಖಾತೆಯೊಂದನ್ನು ರಕ್ಷಿತ ಖಾತೆಯಾಗಿ ಬದಲಿಸಿಕೊಂಡರೆ, ಊಟ ಮತ್ತು ಬಾಡಿಗೆಗೆ ಬೇಕಾದ ಒಂದು ಮಿತಿಯವರೆಗಿನ ಹಣವನ್ನು ಸಾಲ ಕೊಟ್ಟವರು ಜಪ್ತಿ ಮಾಡುವಂತಿಲ್ಲ.

ಅಲ್ಲಿಯವರೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನು ಹೇಳುತ್ತಿಲ್ಲ. 1994ರಲ್ಲಿ ಯುರ್ಗೆನ್ ಶ್ನೈಡರ್ ಎಂಬ ಕಟ್ಟಡ ಉದ್ಯಮಿ ಬ್ಯಾಂಕುಗಳಿಗೆ ಐದು ಶತಕೋಟಿ ಮಾರ್ಕ್‌ಗೂ ಹೆಚ್ಚು ಬಾಕಿ ಉಳಿಸಿ ದೇಶ ಬಿಟ್ಟು ಓಡಿದ. ಬಡಗಿ, ಗಾರೆಯವರು, ಕೊಳಾಯಿ ಕೆಲಸದವರಿಗೆ ಬರಬೇಕಾದ ಸುಮಾರು ಐದು ಕೋಟಿ ಮಾರ್ಕ್ ಹಾಗೇ ಉಳಿಯಿತು. ಡಾಯ್ಚ ಬ್ಯಾಂಕಿನ ಮುಖ್ಯಸ್ಥ ಹಿಲ್ಮಾರ್ ಕೋಪರ್ ಆ ಮೊತ್ತವನ್ನು ಕಡಲೆಕಾಯಿ ಎಂದುಬಿಟ್ಟರು. ದೇಶಕ್ಕೆ ದೇಶವೇ ಕೆರಳಿತು, ಆ ಪದ ಆ ವರ್ಷದ ಕೆಟ್ಟ ಪದವೆಂದು ಆಯ್ಕೆಯಾಯಿತು. ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರನಿಗೆ ಹೇಳಿ ನೋಡಿ, ಕಡಲೆಕಾಯಿ ಸಣ್ಣ ಮಾತೇ ಎಂದು. ಆದರೆ ಶ್ನೈಡರ್ ಮರುವರ್ಷ ಮಯಾಮಿಯಲ್ಲಿ ಸಿಕ್ಕಿಬಿದ್ದ. 1997ರಲ್ಲಿ ಅವನಿಗೆ ಆರು ವರ್ಷ ಒಂಬತ್ತು ತಿಂಗಳ ಶಿಕ್ಷೆಯಾಯಿತು. ನಮ್ಮ ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿದ್ದ ವಿಜಯ್ ಮಲ್ಯ 2016ರ ಮಾರ್ಚ್ 2ರಂದು ದೇಶ ಬಿಟ್ಟರು. 2018ರ ಡಿಸೆಂಬರಿನಲ್ಲಿ ಲಂಡನ್ನಿನ ನ್ಯಾಯಾಲಯ ಗಡೀಪಾರಿಗೆ ಆದೇಶಿಸಿದರೂ ಅವರನ್ನು ವಾಪಸು ಕರೆತರಲಾಗಿಲ್ಲ. ಈ ಎರಡು ದಾರಿಗಳನ್ನು ಹೋಲಿಸಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಭಟ್ಟಿಯಲ್ಲಿ ನಡೆದದ್ದೇ ಉಕ್ಕು, ವಿದ್ಯುತ್, ರಸ್ತೆ ಕಂಪನಿಗಳಲ್ಲೂ ನಡೆಯಿತು, ಅಳತೆ ಮಾತ್ರ ದೊಡ್ಡದು. 2008ರವರೆಗಿನ ಏರುಗಾಲದಲ್ಲಿ ಬ್ಯಾಂಕುಗಳು ಕಣ್ಣು ಮುಚ್ಚಿ ಕೊಟ್ಟವು. ಆಮೇಲೆ ಜಗತ್ತಿನ ಮಾರುಕಟ್ಟೆ ಕುಸಿಯಿತು, ಭೂಸ್ವಾಧೀನ ನಿಂತಿತು, 2014ರಲ್ಲಿ ಸುಪ್ರೀಂ ಕೋರ್ಟ್ 214 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದು ಮಾಡಿತು. ಕೆಲವರು ಮೋಸವನ್ನೂ ಮಾಡಿದರು. ಆದರೂ ಸಾಲ ಚೆನ್ನಾಗಿಯೇ ಇದೆ ಎಂದು ಕಂತು, ಗಡುವು ಬದಲಿಸುವ ಪುನರ್‌ರಚನೆಯ ಹೆಸರಿನಲ್ಲಿ ವರ್ಷ ವರ್ಷ ದೂಡಿದರು. 2015ರಲ್ಲಿ ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ ರಿಸರ್ವ್ ಬ್ಯಾಂಕು ಬ್ಯಾಂಕುಗಳ ಸಾಲದ ಪುಸ್ತಕಗಳನ್ನು ತೆಗೆಸಿ ನೋಡಿತು. 2018ರ ಮಾರ್ಚ್ ಹೊತ್ತಿಗೆ ವಸೂಲಾಗದ ಸಾಲ ಒಟ್ಟು ಸಾಲದ ಶೇ 11ನ್ನು ದಾಟಿತ್ತು. ಅದರ ಹಿಂದಿನ ವರ್ಷ ರಿಸರ್ವ್ ಬ್ಯಾಂಕು ದಿವಾಳಿ ಸಂಹಿತೆ ಎಂಬ ಹೊಸ ಕಾನೂನಿನಡಿ ಇತ್ಯರ್ಥಕ್ಕೆ ಕಳಿಸಲು ಗುರುತಿಸಿದ್ದು ಕೇವಲ ಹನ್ನೆರಡು ಖಾತೆಗಳನ್ನು. ಇಡೀ ದೇಶದ ಕೆಟ್ಟ ಸಾಲದ ಕಾಲು ಭಾಗ ಆ ಹನ್ನೆರಡರಲ್ಲೇ ಇತ್ತು. ಮಂಡಕ್ಕಿ ಭಟ್ಟಿಗಳು, ಎಣ್ಣೆ ಗಾಣಗಳು, ರೈತರ ಬೆಳೆಸಾಲಗಳು ಬ್ಯಾಂಕುಗಳನ್ನು ಮುಳುಗಿಸಿದವು ಎಂದು ಯಾರಾದರೂ ಹೇಳಿದರೆ ನಾನು ಈ ಅಂಕಿಯನ್ನು ಅವರ ಮುಂದಿಡುತ್ತೇನೆ.

ಈಗ ಪ್ರಮಾಣ ಇಳಿದಿದೆ, 2024ರ ಮಾರ್ಚಿನಲ್ಲಿ ಶೇ 2.8. ಇದು ಸಂತೋಷದ ಸಂಗತಿ. ಆದರೆ 2014-15ರಿಂದ ಒಂಬತ್ತು ವರ್ಷಗಳಲ್ಲಿ ಬ್ಯಾಂಕುಗಳು ₹14.56 ಲಕ್ಷ ಕೋಟಿಯನ್ನು ಪುಸ್ತಕದಿಂದ ತೆಗೆದುಹಾಕಿವೆ ಎಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಹೀಗೆ ತೆಗೆದುಹಾಕುವುದು ಮನ್ನಾ ಅಲ್ಲ, ವಸೂಲಿ ಮುಂದುವರಿಯುತ್ತದೆ. ಹಾಗೆಂದು ಬಂದದ್ದು ತೀರಾ ಕಡಿಮೆ. ಆ ಗುಂಡಿ ಮುಚ್ಚಲು ಸರ್ಕಾರ ಬಂಡವಾಳ ಸುರಿಯಿತು. 2017ರಲ್ಲಿ ಒಮ್ಮೆಗೇ ₹2.11 ಲಕ್ಷ ಕೋಟಿ ಎಂದು ಘೋಷಿಸಿತು.

ಇದರ ಬೆಲೆ ತೆತ್ತವರಲ್ಲಿ ನಾವು ಕನ್ನಡಿಗರೂ ಇದ್ದೇವೆ. ನಮ್ಮ ತಂದೆಯ ಸಂಬಳ ಬರುತ್ತಿದ್ದುದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿಗೆ, ನನ್ನ ಮೊದಲ ಖಾತೆ ವಿಜಯಾ ಬ್ಯಾಂಕಿನಲ್ಲಿ. 2017ರಿಂದ 2020ರೊಳಗೆ ಮೈಸೂರು ಬ್ಯಾಂಕು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ನಾಲ್ಕೂ ಬೇರೆ ಬ್ಯಾಂಕುಗಳಲ್ಲಿ ಕರಗಿದವು. ವಿಜಯಾ ಬ್ಯಾಂಕಿನ ಕೆಟ್ಟ ಸಾಲ ಶೇ 6ರ ಆಸುಪಾಸಿನಲ್ಲಿದ್ದಾಗ ಅದನ್ನು ಶೇ 22ರಷ್ಟು ಕೆಟ್ಟ ಸಾಲದ ದೇನಾ ಬ್ಯಾಂಕಿನ ಜೊತೆ ಸೇರಿಸಿ ಬ್ಯಾಂಕ್ ಆಫ್ ಬರೋಡಾಕ್ಕೆ ಕೊಟ್ಟರು. ಸರಿಯಾಗಿ ನಡೆದವರು ತಮ್ಮ ಹೆಸರನ್ನೇ ಕಳೆದುಕೊಂಡರು. ನನಗೆ ಇದು ಇಂದಿಗೂ ಅನ್ಯಾಯವೆಂದೇ ಅನಿಸುತ್ತದೆ.

ಇನ್ನೊಂದು ಬೆಲೆ ಯಾವ ವರದಿಯಲ್ಲೂ ಕಾಣುವುದಿಲ್ಲ. ಚಿಕ್ಕಪ್ಪನವರ ಎದುರು ಮನೆಯ ಹುಡುಗ ಹಿಟ್ಟಿನ ಗಿರಣಿಗೆ ಎಂಟು ಲಕ್ಷ ಸಾಲ ಕೇಳಿದ. ಸಣ್ಣ ಉದ್ಯಮಕ್ಕೆ ಹತ್ತು ಲಕ್ಷದವರೆಗೆ ಅಡಮಾನ ಕೇಳಬಾರದು ಎಂದು ಆಗ ರಿಸರ್ವ್ ಬ್ಯಾಂಕಿನ ಆದೇಶವಿತ್ತು. ಆದರೂ ಶಾಖೆಯಲ್ಲಿ ಅವನಿಗೆ ಹೇಳಿದ್ದು, ಮನೆಯ ಪತ್ರ ತನ್ನಿ ಎಂದು. ಅವನದು ಬಾಡಿಗೆ ಮನೆ. ಈಗ ಅವನು ಹರಿಹರದಲ್ಲಿ ಕೂಲಿಗೆ ಹೋಗುತ್ತಾನೆ.

ಶಾಖೆಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಎಂಟು ವರ್ಷದಲ್ಲಿ ಐವರು ಮ್ಯಾನೇಜರ್‌ಗಳು ಬದಲಾದರು. ಕೊನೆಯವರಿಗೆ ಕನ್ನಡ ಬಾರದು. ಭಟ್ಟಿಗೆ ಬಂದವರು ಉದ್ರಿ ಪುಸ್ತಕವನ್ನು ಓದಲಾಗದೆ ಮುಚ್ಚಿಟ್ಟರು. ದೂರದ ರಾಜ್ಯದಿಂದ ಅವರನ್ನು ತಂದು ಕೂರಿಸಿದ್ದು ಅವರ ತಪ್ಪಲ್ಲ. ಜರ್ಮನಿಯ ನಮ್ಮ ಊರಿನಲ್ಲಿರುವ ಶ್ಪಾರ್ಕಾಸ್ಸೆ ಎಂಬ ಉಳಿತಾಯ ಬ್ಯಾಂಕು ಜಿಲ್ಲೆಯ ಸ್ಥಳೀಯ ಆಡಳಿತಕ್ಕೆ ಸೇರಿದ್ದು. ತನ್ನ ಸೀಮೆಯೊಳಗೇ ವ್ಯವಹರಿಸಬೇಕು ಎನ್ನುವುದು ಅದರ ಕಟ್ಟಳೆ. ನನಗೆ ಮನೆ ಸಾಲ ಕೊಟ್ಟ ಅಧಿಕಾರಿ ಹದಿನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿದ್ದಾರೆ. ಅವರು ಕೊಟ್ಟ ಸಾಲ ಕೆಟ್ಟರೆ ಅವರ ಕಣ್ಣೆದುರೇ ಕೆಡುತ್ತದೆ. ಯೋಚಿಸಿದರೆ ಅವರು ನಮ್ಮ ಬ್ಯಾಂಕಿನವರಿಗಿಂತ ದಾವಣಗೆರೆಯ ದಲಾಲಿ ಅಂಗಡಿಯ ಸಾಹುಕಾರರಿಗೇ ಹತ್ತಿರ. ಬಡ್ಡಿ ಹೆಚ್ಚೇ ಇರಲಿ, ಸಾಹುಕಾರರು ಆಳನ್ನು ಬಲ್ಲರು, ಅಪ್ಪನನ್ನು ಬಲ್ಲರು, ಯಾವಾಗ ಕೈ ಹಿಂದೆ ತೆಗೆಯಬೇಕೆಂದೂ ಬಲ್ಲರು.

ಎಲ್ಲಕ್ಕಿಂತ ಹೆಚ್ಚಾಗಿ ಕೊರೆಯುವುದು ಕಾನೂನಿನ ಒಂದು ಖಾಲಿ ಜಾಗ. 2016ರ ದಿವಾಳಿ ಸಂಹಿತೆ ಕಂಪನಿಗಳಿಗೆ ದಾರಿ ಮಾಡಿಕೊಟ್ಟಿತು. ಅಲ್ಲಿ ಇತ್ಯರ್ಥವಾದ ಪ್ರಕರಣಗಳಲ್ಲಿ ಸಾಲ ಕೊಟ್ಟವರಿಗೆ ಹಿಂದಿರುಗಿದ್ದು ಒಟ್ಟು ಬಾಕಿಯ ಸುಮಾರು ಮೂರನೇ ಒಂದು ಪಾಲು, ಉಳಿದದ್ದನ್ನು ಬಿಟ್ಟುಕೊಟ್ಟರು. ಅದೇ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಒಂದು ಭಾಗವಿದೆ. ಆದರೆ ಕಂಪನಿಗಳಿಗೆ ಜಾಮೀನು ನಿಂತವರನ್ನು ಬಿಟ್ಟು ಬೇರೆ ವ್ಯಕ್ತಿಗಳಿಗೆ ಅದನ್ನು ಜಾರಿಗೆ ತಂದಿಲ್ಲ. ದಾವಣಗೆರೆಯ ಭಟ್ಟಿಯವರಿಗೆ, ಚಿತ್ರದುರ್ಗದ ಅಂಗಡಿಯವರಿಗೆ ಉಳಿದಿರುವುದು ಬ್ರಿಟಿಷರ ಕಾಲದ 1920ರ ದಿವಾಳಿ ಕಾಯ್ದೆ. ಹಳ್ಳಿಯಲ್ಲಿ ಅದಕ್ಕೆ ಪಾಪರ್ ಆಗುವುದು ಎನ್ನುತ್ತಾರೆ, ಆ ಮಾತಿನಲ್ಲೇ ಇಡೀ ಮನೆತನದ ಮಾನ ಕಟ್ಟಿಕೊಂಡಿದೆ. ಆ ಭಾಗವನ್ನು ಜಾರಿಗೆ ತನ್ನಿ ಎಂದು ನಮ್ಮ ಜಿಲ್ಲೆಯ ವ್ಯಾಪಾರಸ್ಥರ ಸಂಘಗಳು ಸಂಸದರನ್ನು ಕೇಳಬೇಕು. ಬಡ್ಡಿ ಮನ್ನಾ, ಸಾಲ ಮನ್ನಾಕ್ಕಿಂತ ಮೊದಲು ಇದನ್ನು ಕೇಳಬೇಕು.

ಹೊರಡುವ ಹಿಂದಿನ ದಿನ ಚಿಕ್ಕಪ್ಪನವರ ಜೊತೆ ಬ್ಯಾಂಕಿಗೆ ಹೋಗಿ ಓಟಿಎಸ್, ಅಂದರೆ ಒಂದೇ ಬಾರಿಗೆ ಸಾಲ ಇತ್ಯರ್ಥ ಮಾಡಿಕೊಳ್ಳುವ, ಅರ್ಜಿ ಕೊಟ್ಟು ಬಂದೆ. ಇತ್ಯರ್ಥದ ಮೊತ್ತ ಎಷ್ಟೆಂದು ವಲಯ ಕಚೇರಿ ತೀರ್ಮಾನಿಸಬೇಕಂತೆ. ರಾತ್ರಿ ಊಟಕ್ಕೆ ಕುಳಿತಾಗ ಅವರಿಗೆ ಬೇಕರಿಯವರ ಕಥೆ ಹೇಳಿದೆ, ಬಾಗಿಲಿಗೆ ಅಂಟಿಸಿದ ಚೀಟಿಯ ವಿಷಯವನ್ನೂ ಹೇಳಿದೆ. ಚಿಕ್ಕಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದರು:

"ಆ ಚೀಟಿಯನ್ನು ಅವನೇ ಬರೆದನೇ?"