ದೇವತೆಗಳಿಗೆ ಬೆವರು ಬರುವುದಿಲ್ಲ

ಮೇ 12, ಅಂದರೆ ನರ್ಸುಗಳ ದಿನ, ಹತ್ತಿರ ಬಂದರೆ ಸಾಕು, ಮಂಗಳೂರಿನ ನರ್ಸುಗಳೆಲ್ಲ ದೇವತೆಗಳಾಗುತ್ತಾರೆ. ಹಂಪನಕಟ್ಟೆಯಿಂದ ದೇರಳಕಟ್ಟೆಯವರೆಗೆ ಫ್ಲೆಕ್ಸ್. ಬಿಳಿ ಬಟ್ಟೆ, ಕೈಯಲ್ಲಿ ದೀಪ, ಬೆನ್ನಿಗೆ ರೆಕ್ಕೆ. ಕೆಳಗಡೆ ಅಧ್ಯಕ್ಷರ ಫೋಟೋ, ದೇವತೆಗಿಂತ ಎರಡು ಪಟ್ಟು ದೊಡ್ಡದು. ಮರುದಿನ ಫ್ಲೆಕ್ಸ್ ಇಳಿಯುತ್ತದೆ. ದೇವತೆಯನ್ನು ಮತ್ತೆ "ಏ ಸಿಸ್ಟರ್, ಎಷ್ಟು ಸಲ ಕರೀಬೇಕು?" ಅಂತ ಕರೆಯುತ್ತಾರೆ.

ಇದು ಬರೀ ಹೊಗಳಿಕೆ ಅಂದುಕೊಳ್ಳಬೇಡಿ ಮಾರಾಯ್ರೆ. ಇದರ ಹಿಂದೆ ಒಳ್ಳೆಯ ಲೆಕ್ಕಾಚಾರ ಉಂಟು.

ದಮಯಂತಿಯ ಸ್ವಯಂವರದ ಕಥೆಯನ್ನು ಕರಾವಳಿಯಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕು ದೇವತೆಗಳು ನಳನ ರೂಪದಲ್ಲಿ ಬಂದು ಕೂತಿದ್ದರು. ಅಸಲಿ ನಳ ಯಾರು ಅಂತ ಅವಳು ಕಂಡುಹಿಡಿದದ್ದು ಹೇಗೆ? ದೇವತೆಗಳ ಮೈ ಬೆವರುವುದಿಲ್ಲ. ರೆಪ್ಪೆ ಬಡಿಯುವುದಿಲ್ಲ. ಕಾಲು ನೆಲಕ್ಕೆ ತಾಗುವುದಿಲ್ಲ. ಕೊರಳಿನ ಹಾರ ಬಾಡುವುದಿಲ್ಲ. ಈಗ ಇದನ್ನು ವಾರ್ಡಿಗೆ ತಂದು ನೋಡಿ. ಬೆವರದವಳಿಗೆ ಮೇ ತಿಂಗಳ ಮಂಗಳೂರಿನಲ್ಲಿ ಫ್ಯಾನ್ ಯಾಕೆ? ರೆಪ್ಪೆ ಬಡಿಯದವಳಿಗೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಡ್ಯೂಟಿ ಹಾಕಿದರೆ ಎಂತ ತೊಂದರೆ? ಕಾಲು ನೆಲಕ್ಕೆ ತಾಗದವಳು ಕುರ್ಚಿ ಕೇಳುವುದು ಯಾವ ನ್ಯಾಯ? ಹಾರವಂತೂ ಬಾಡುವುದೇ ಇಲ್ಲ, ಕಳೆದ ವರ್ಷದ ಪ್ಲಾಸ್ಟಿಕ್ ಹಾರವೇ ಈ ವರ್ಷಕ್ಕೂ ಆಗುತ್ತದೆ. ದೇವತೆ ಅಂದ ಕೂಡಲೇ ಎಷ್ಟು ಖರ್ಚು ಉಳಿಯಿತು ನೋಡಿ.

ಮೇ 12 ಇಂದಿನ ನರ್ಸಿಂಗಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಇಸವಿ 1820. ಸಭಾಂಗಣದಲ್ಲಿ ಲೈಟ್ ಆರಿಸಿ, ಕೈಯಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡಿಸುತ್ತಾರೆ. ದೀಪ ನೋಡಿದರೆ ಉಜ್ಜಿದ ಕೂಡಲೇ ಭೂತ ಹೊರಗೆ ಬರುವ ಹಾಗೆ ಇರುತ್ತದೆ. ಆ ಮಹಾತಾಯಿ ಹಿಡಿದದ್ದು ಮಡಚುವ ಟರ್ಕಿ ಲಾಟೀನು. ಇರಲಿ, ದೀಪದ ಜಗಳ ಬೇಡ. ಅವಳು ದೀಪ ಹಿಡಿದು ಮಾಡಿದ ಕೆಲಸ ಏನು ಅಂತ ಮಾತ್ರ ಯಾವ ಮುಖ್ಯ ಅತಿಥಿಯೂ ಹೇಳುವುದಿಲ್ಲ. ಅವಳು ಎಣಿಸುತ್ತಿದ್ದಳು. 1854ರಲ್ಲಿ ಯುದ್ಧದ ಆಸ್ಪತ್ರೆಗೆ ಹೋದವಳು ಎಷ್ಟು ಜನ ಸತ್ತರು, ಯಾತರಿಂದ ಸತ್ತರು ಅಂತ ಲೆಕ್ಕ ಇಟ್ಟಳು. ಗಾಯದಿಂದ ಸತ್ತವರಿಗಿಂತ ರೋಗದಿಂದ ಸತ್ತವರೇ ಜಾಸ್ತಿ ಅಂತ ಬಣ್ಣದ ಚಿತ್ರ ಬರೆದು ದೊಡ್ಡವರ ಮುಖಕ್ಕೆ ಹಿಡಿದಳು. 1858ರಲ್ಲಿ ಬ್ರಿಟನ್ನಿನ ಅಂಕಿಅಂಶ ಸಂಘ ಅವಳನ್ನು ಸದಸ್ಯೆ ಮಾಡಿಕೊಂಡಿತು. ಆ ಸಂಘದ ಮೊದಲ ಹೆಂಗಸು ಅವಳು. ನಾವು ದೀಪ ಇಟ್ಟುಕೊಂಡೆವು, ಲೆಕ್ಕದ ಪುಸ್ತಕ ವಾಪಸ್ ಕೊಟ್ಟೆವು.

ಇಂದು ವೇದಿಕೆ ಮೇಲೆ ಯಾವಳಾದರೂ ಹುಡುಗಿ ದೀಪ ಕೆಳಗಿಟ್ಟು, "ಸರ್, ನಿನ್ನೆ ರಾತ್ರಿ ನನ್ನ ವಾರ್ಡಿನಲ್ಲಿ ರೋಗಿಗಳು ಎಷ್ಟು, ನರ್ಸ್ ಎಷ್ಟು ಗೊತ್ತುಂಟಾ?" ಅಂತ ಕೇಳಿದರೆ ಏನಾಗುತ್ತದೆ? ನೈಟಿಂಗೇಲ್ ಆಗುತ್ತಾಳಾ? ಇಲ್ಲ. ಶೋಕಾಸ್ ನೋಟಿಸ್ ಬರುತ್ತದೆ.

ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗೆ 1 ನರ್ಸ್, ಐಸಿಯುನಲ್ಲಿ 1ಕ್ಕೆ 1. ಇದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿದ ಲೆಕ್ಕ. ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅಲ್ಲಿ 30ಕ್ಕೆ 1 ಅಂತ ಬರೆದರೆ ಸೊನ್ನೆ. ವಾರ್ಡಿನಲ್ಲಿ 3ಕ್ಕೆ 1 ಅಂತ ಹೇಳಿದರೆ ಹುಚ್ಚು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡವರಿಗೆ ಡಿಗ್ರಿ ಸಿಗುತ್ತದೆ.

ಡಿಗ್ರಿ ಅಂದೆನಲ್ಲ, ಅದಕ್ಕೆ ನಾಲ್ಕು ವರ್ಷ. ಬೆಳಿಗ್ಗೆ ಏಳಕ್ಕೆ ರಸ್ತೆ ಬದಿ ನಿಂತು ನೋಡಿ, ಬಣ್ಣಬಣ್ಣದ ಯೂನಿಫಾರ್ಮ್ ತುಂಬಿದ ಬಸ್ಸುಗಳು ಸಾಲಾಗಿ ಹೋಗುತ್ತವೆ. ಕಾಲೇಜು ಕಟ್ಟಬಹುದು, ರೋಗಿಗಳನ್ನು ಕಟ್ಟಲಾಗುವುದಿಲ್ಲ. ಹಾಗಾಗಿ ಸ್ವಂತ ಆಸ್ಪತ್ರೆ ಸಾಲದ ಕಾಲೇಜುಗಳು ಮಕ್ಕಳನ್ನು ಒಂದೇ ವಾರ್ಡಿಗೆ ತಂದು ಸುರಿಯುತ್ತವೆ. ಅಲ್ಲಿ ಹರ್ನಿಯಾ ಆಪರೇಷನ್ನಿಗೆ ಬಂದ ಒಬ್ಬ ಅಜ್ಜ ಇರುತ್ತಾರೆ ಅಂತಿಟ್ಟುಕೊಳ್ಳಿ. ನೀಲಿ ಯೂನಿಫಾರ್ಮಿನವರು ಬಂದು ಬಿಪಿ ನೋಡಿದರು. ಹಸಿರಿನವರು ಬಂದು ಮತ್ತೆ ನೋಡಿದರು. ಕಾಫಿ ಬಣ್ಣದವರು ಇನ್ನೂ ಮೆಟ್ಟಿಲು ಹತ್ತುತ್ತಿದ್ದಾರೆ, ಅಜ್ಜ ಆಗಲೇ ತೋಳು ಮಡಚಿ ಕೂತಿದ್ದಾರೆ. ಮೂರನೇ ದಿನಕ್ಕೆ ಪ್ರಶ್ನೆಯೇ ಬೇಡ, ಅವರೇ ಶುರು ಮಾಡುತ್ತಾರೆ: ಪ್ರಾಯ ಎಪ್ಪತ್ತೊಂದು, ಬೀಡಿ ದಿನಕ್ಕೆ ಒಂದು ಕಟ್ಟ, ಸಕ್ಕರೆ ಇಲ್ಲ, ಮಲಬದ್ಧತೆ ಉಂಟು, ಬರ್ಕೋ ಮಗಾ. ಕೇರಳದಿಂದ ಬಂದ ಹುಡುಗಿಗೆ ತುಳು ಬರುವುದಿಲ್ಲ, ಅಜ್ಜನಿಗೆ ಮಲಯಾಳ ಬರುವುದಿಲ್ಲ. ಆದರೂ ಕೊನೆಗೆ ಅಜ್ಜ ಕೇಳುವ "ಒಣಸ್ ಆಂಡಾ?" ಮಾತ್ರ ಅವಳಿಗೆ ಅರ್ಥವಾಗುತ್ತದೆ. ಊಟ ಆಗಿರುವುದಿಲ್ಲ. ಸ್ಥಳ, ಸಮಯ, ವ್ಯಕ್ತಿಯ ಅರಿವು ರೋಗಿಗೆ ಚೆನ್ನಾಗಿದೆ ಅಂತ ಅವಳು ಬರೆದುಕೊಳ್ಳುತ್ತಾಳೆ. ಇರಲೇಬೇಕಲ್ಲ, ಆರು ಕಾಲೇಜಿನ ಟೈಮ್‌ಟೇಬಲ್ ಅವರಿಗೆ ಬಾಯಿಪಾಠ.

ಹೆರಿಗೆ ವಾರ್ಡಿನ ಕಥೆ ಇನ್ನೂ ಚೆಂದ. ಇಷ್ಟು ಹೆರಿಗೆ ನೋಡಿರಬೇಕು, ಇಷ್ಟು ತಾನೇ ಮಾಡಿಸಿರಬೇಕು ಅಂತ ಲಾಗ್‌ಬುಕ್ಕಿನಲ್ಲಿ ಪಟ್ಟಿ. ಬಸುರಿಯರು ಕಾಲೇಜಿನ ಅಗತ್ಯಕ್ಕೆ ತಕ್ಕಂತೆ ಹೆರುವುದಿಲ್ಲ. ಆದ್ದರಿಂದ ಒಂದು ಹೆರಿಗೆಗೆ ಹತ್ತು ಕತ್ತುಗಳು ಉದ್ದವಾಗುತ್ತವೆ. ಮಗುವಿಗೆ ಜನನ ಪ್ರಮಾಣಪತ್ರ ಒಂದೇ. ಲಾಗ್‌ಬುಕ್ಕುಗಳಲ್ಲಿ ಅದು ಹತ್ತು ಸಲ ಹುಟ್ಟಿರುತ್ತದೆ.

ಆಮೇಲೆ ರೆಕಾರ್ಡ್. ಕೈಯಲ್ಲೇ ಬರೆಯಬೇಕು, ಮಾರ್ಜಿನ್ ಹಾಕಬೇಕು, ಮೂಗಿನ ನಳಿಕೆಯ ಚಿತ್ರಕ್ಕೆ ಪೆನ್ಸಿಲ್ ಶೇಡಿಂಗ್ ಬೇಕು. ಶೇಡಿಂಗ್ ಸರಿ ಇಲ್ಲ ಅಂತ ಮೇಡಂ ವಾಪಸ್ ಕೊಡುತ್ತಾರೆ. ರೋಗಿ ಡಿಸ್ಚಾರ್ಜ್ ಆಗಿ ಮನೆಯಲ್ಲಿ ಬಂಗುಡೆ ಸಾರು ಉಣ್ಣುತ್ತಿದ್ದರೂ ರೆಕಾರ್ಡಿನಲ್ಲಿ ಅವರ ನೋವು ಕಡಿಮೆಯಾಗಿರುವುದಿಲ್ಲ, ಸಹಿ ಬಾಕಿ. ತಲೆಯ ಬಲೆಯಿಂದ ಒಂದೆಳೆ ಕೂದಲು ಹೊರಗೆ ಬಂದರೆ ದಂಡ. ಕೈಗೆ ಗ್ಲೌಸ್ ಇಲ್ಲದಿದ್ದರೆ? ಅದು ಸ್ಟೋರಿನವರ ವಿಷಯ, ನೀನು ಕೂದಲು ಸರಿ ಮಾಡು.

ಒಟ್ಟಿನಲ್ಲಿ ಎಣಿಸುವುದನ್ನು ನಾವು ಬಿಟ್ಟಿಲ್ಲ. ಕ್ಲಿಪ್ಪು ಎಣಿಸುತ್ತೇವೆ, ತಡವಾದ ನಿಮಿಷ ಎಣಿಸುತ್ತೇವೆ. ಬೆಳಿಗ್ಗೆ ಐದು ನಿಮಿಷ ತಡವಾದರೆ ಬೆರಳಚ್ಚಿನ ಯಂತ್ರಕ್ಕೆ ಗೊತ್ತಾಗುತ್ತದೆ. ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಮುಗಿಸಿ ಒಂದು ಗಂಟೆ ತಡವಾಗಿ ಹೊರಟರೆ ಅದಕ್ಕೆ ಗೊತ್ತಾಗುವುದಿಲ್ಲ. ಬುದ್ಧಿವಂತ ಯಂತ್ರ.

2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂ ಸುರಿಸಿದವು, ನೆನಪಿದೆಯಾ? ಪುರಾಣದಲ್ಲಿ ದೇವತೆಗಳು ಮೇಲಿಂದ ಹೂ ಹಾಕುತ್ತಾರೆ, ಕೆಳಗೆ ಮನುಷ್ಯರು. ಇಲ್ಲಿ ಮೇಲೆ ಮನುಷ್ಯರು, ಕೆಳಗೆ ಪಿಪಿಇ ಕಿಟ್ಟಿನೊಳಗೆ ದೇವತೆಗಳು. ಆ ಕಿಟ್ಟಿನೊಳಗೆ ಬೆವರು ಬರುತ್ತಿತ್ತೋ ಇಲ್ಲವೋ ಅಂತ ಯಾರಾದರೂ ಇಣುಕಿ ನೋಡಿದ್ದರೆ ಈ ದೇವತೆ ವಿಚಾರ ಅಂದೇ ಇತ್ಯರ್ಥವಾಗುತ್ತಿತ್ತು.

ಸಂಬಳದ ಸುದ್ದಿ ಎತ್ತಬಾರದು. ಎತ್ತಿದರೆ "ಸೇವಾ ಮನೋಭಾವ" ಕಡಿಮೆ ಅಂತ ಅರ್ಥ. ಆದರೂ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸರಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಸರಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ 20,000ಕ್ಕೆ ಕಡಿಮೆ ಕೊಡಬಾರದು ಅಂತ ಸಮಿತಿ ಶಿಫಾರಸು ಮಾಡಿತು. ಕೇಂದ್ರ ಅದನ್ನು ರಾಜ್ಯಗಳಿಗೆ ಕಳಿಸಿತು. ಶಿಫಾರಸು ಬಂದ ಮೇಲೆ ಹಾಸಿಗೆಗಳಿಗೆ ಒಂದು ವಿಚಿತ್ರ ಗುಣ ಬಂದಿದೆ. ಜಾಹೀರಾತಿನಲ್ಲಿ ಅವು ಮುನ್ನೂರು ಇರುತ್ತವೆ, ನರ್ಸಿನ ಸಂಬಳದ ಮಾತು ಬಂದಾಗ ನಲವತ್ತೊಂಬತ್ತಾಗುತ್ತವೆ.

ಹೀಗಿರುವಾಗ ದೇವತೆಗಳು ಮೆಲ್ಲಗೆ ಜರ್ಮನ್ ಕಲಿಯತೊಡಗಿದ್ದಾರೆ. ಕಂಕನಾಡಿ, ಜ್ಯೋತಿ ಕಡೆ ಗೋಡೆ ನೋಡಿದರೆ ವಿದೇಶಕ್ಕೆ ಹೋಗಲು ಬೇಕಾದ ಭಾಷಾ ಪರೀಕ್ಷೆಗಳ ಜಾಹೀರಾತು: ಐಇಎಲ್‌ಟಿಎಸ್, ಒಇಟಿ, ಜರ್ಮನ್ ಬಿ2. ಸಿರಿಂಜು ಹಿಡಿದೇ ಜರ್ಮನ್ ಕ್ರಿಯಾಪದ ಗುನುಗುವವರು ಸಿಗುತ್ತಾರೆ. ಅಲ್ಲಿನ ಕರಾರಿನಲ್ಲಿ ವಾರಕ್ಕೆ ಇಷ್ಟು ಗಂಟೆ ಅಂತ ಬರೆದಿರುತ್ತದಂತೆ. ಅದನ್ನು ಓದಿದ ಒಬ್ಬಳು, "ಅವರಿಗೆ ನಾವು ದೇವತೆಗಳು ಅಂತ ಇನ್ನೂ ಗೊತ್ತಾಗಿಲ್ಲ, ಹೇಳಬೇಡಿ" ಅಂದಳು.

ಆದರೆ ಸ್ವರ್ಗದಿಂದ ಹೊರಬೀಳುವುದು ಅಷ್ಟು ಸುಲಭವಾ? ಇಷ್ಟು ವರ್ಷ ಇಲ್ಲೇ ದುಡಿಯುತ್ತೇನೆ ಅಂತ ಬರೆದುಕೊಟ್ಟ ಬಾಂಡ್ ಇದೆ. ಒರಿಜಿನಲ್ ಸರ್ಟಿಫಿಕೇಟ್ ಆಫೀಸಿನ ಕಪಾಟಿನಲ್ಲಿದೆ, ನಿಮ್ಮದೇ ಸುರಕ್ಷತೆಗೆ. ಅದು ಬೇಕಾದರೆ ನೋ ಡ್ಯೂಸ್ ಫಾರ್ಮಿನಲ್ಲಿ ಹನ್ನೊಂದು ಸಹಿ ಬೇಕು. ಲೈಬ್ರರಿ, ಹಾಸ್ಟೆಲ್, ಲಾಂಡ್ರಿ, ಸ್ಟೋರ್, ಕ್ಯಾಂಟೀನ್. ಮೂರು ವರ್ಷದ ಹಿಂದೆ ಕಳೆದುಹೋದ ಒಂದು ಥರ್ಮಾಮೀಟರಿನ ಲೆಕ್ಕ ಸ್ಟೋರಿನವರ ಹತ್ತಿರ ಪಕ್ಕಾ ಇದೆ. ಅದನ್ನೂ ಕಟ್ಟಿ ಹತ್ತು ಸಹಿ ಮಾಡಿಸಿಕೊಂಡು ಹನ್ನೊಂದನೇ ಬಾಗಿಲಿಗೆ ಹೋದರೆ ಬೀಗ. ಸಹಿ ಹಾಕಬೇಕಾದವರು ರಜೆಯಲ್ಲಿದ್ದಾರೆ. ಮುಂದಿನ ಸೋಮವಾರ ಬರುತ್ತಾರಂತೆ, ಬಂದರೆ.