ಟಯರ್ ದೊಡ್ಡದಾದರೆ ಸಾಲದು

ಟೆಕ್ಸಾಸಿನಲ್ಲಿ ಹಳೆಯ ಪಿಕಪ್ ಒಂದು ಮನೆಗೆ ಬಂದ ವಾರದಲ್ಲೇ ಟಯರಿನ ಮಾತು ಶುರುವಾಗುತ್ತದೆ. ನಮ್ಮ ಬೀದಿಯಲ್ಲಿ ಈಗ ಆ ಸರದಿ 1985ರ ಷೆವರ್ಲೆ ಕೆ10ರದು. ಅದರಲ್ಲಿರುವುದು 235/75 ಆರ್ 15, ಎಂದರೆ ಸುಮಾರು 29 ಇಂಚು ಎತ್ತರದ ಟಯರ್. ಮಾಲೀಕನಿಗೆ 33 ಇಂಚಿನದು ಬೇಕು. ಗಾಡಿ ಎತ್ತರಿಸುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ, ಮಡ್‌ಗಾರ್ಡಿನ ಅಂಚು ಕತ್ತರಿಸುವ ಗ್ರೈಂಡರ್ ಮನೆಯಲ್ಲೇ ಇದೆ. ಕೇಳುವವರು ಯಾರೂ ಇಲ್ಲ. 2025ರ ಜನವರಿಯಿಂದ ಟೆಕ್ಸಾಸಿನಲ್ಲಿ ಖಾಸಗಿ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆಯನ್ನೇ ಕೈಬಿಟ್ಟಿದ್ದಾರೆ.

ನನ್ನ ತಕರಾರು ಟಯರಿನ ಮೇಲಲ್ಲ, ಅಲ್ಲಿಗೇ ಕೆಲಸ ಮುಗಿಯಿತು ಎಂದುಕೊಳ್ಳುವುದರ ಮೇಲೆ. ಚಕ್ರ ಒಂದು ಸುತ್ತು ಹಾಕಿದಾಗ ಗಾಡಿ ಮೊದಲಿಗಿಂತ ಶೇ. 14ರಷ್ಟು ಹೆಚ್ಚು ದೂರ ಹೋಗುತ್ತದೆ. ಮೀಟರ್ 60 ಮೈಲಿ ತೋರಿಸುವಾಗ ನಿಜವಾದ ವೇಗ 68 ದಾಟಿರುತ್ತದೆ. ಇದಕ್ಕೆ ಮದ್ದು ಸುಲಭ: ಸ್ಪೀಡೋಮೀಟರ್ ಕೇಬಲ್ ಬಂದು ಕೂಡುವ ಕಡೆ ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಗೇರ್ ಒಂದಿದೆ. ಅದನ್ನು ತೆಗೆದು ಕಡಿಮೆ ಹಲ್ಲಿನದನ್ನು ಕೂರಿಸಿದರೆ ಮೀಟರ್ ಸರಿಹೋಗುತ್ತದೆ. ಎಂಜಿನ್ನಿನ ಕಷ್ಟ ಹಾಗೆ ತೀರುವುದಿಲ್ಲ. ಆಕ್ಸಲಿನೊಳಗಿನ ಗೇರ್ ಜೋಡಿಯಾದ ಕ್ರೌನ್-ಪಿನಿಯನ್ನಿನ ಅನುಪಾತ (ಚಕ್ರದ ಒಂದು ಸುತ್ತಿಗೆ ಅದನ್ನು ತಿರುಗಿಸುವ ಶಾಫ್ಟ್ ಎಷ್ಟು ಸುತ್ತು ಹಾಕುತ್ತದೆ ಎಂಬ ಲೆಕ್ಕ) 3.08 ಇದ್ದರೆ ಹೊಸ ಟಯರಿನಲ್ಲಿ ಅದು 2.7 ಇದ್ದಂತೆ ನಡೆದುಕೊಳ್ಳುತ್ತದೆ. ಸಣ್ಣ ಏರಿನಲ್ಲೂ ಗಾಡಿ ಏದುಸಿರು ಬಿಡುತ್ತದೆ. 4.10ರ ಗೇರ್ ಸೆಟ್ ಹಾಕಿಸಬೇಕು, ಅದೂ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಫೋರ್‌ವೀಲ್ ಗಾಡಿ ಆದ್ದರಿಂದ ಹಿಂದೆ ಮುಂದೆ ಎರಡೂ ಕಡೆ. ಟಯರಿಗೆ ಹಣ ಹೊಂದಿಸಿದವರಲ್ಲಿ ಅನೇಕರು ಇಲ್ಲಿಗೆ ಬರುವಾಗ ಕೈಚೆಲ್ಲುತ್ತಾರೆ. ಬ್ರೇಕಿನ ಕಥೆಯೂ ಅಷ್ಟೇ: ಟಯರಿನ ಭಾರ ಹೆಚ್ಚಿದೆ, ಹಿಂಬದಿಯ ಡ್ರಮ್ಮು ಮಾತ್ರ ಅದೇ ಹಳೆಯದು.

ಸಕಲೇಶಪುರದ ಕಡೆ ಬೊಲೆರೊ ಪಿಕಪ್ ಓಡಿಸುವ ನನ್ನ ಭಾವಮೈದುನನಿಗೆ ಕೆ10ರ ಫೋಟೊ ಕಳಿಸಿದೆ. "ಭಾವ, ಅಷ್ಟು ಎತ್ತರ ಮಾಡಿದರೆ ಮೂಟೆ ಹೇರುವವರ ಬೆನ್ನನ್ನೂ ಒಂದು ಮಾತು ಕೇಳಬೇಕಲ್ಲ" ಎಂದ. ನಮ್ಮೂರಿನಲ್ಲಿ ಪಿಕಪ್ಪಿಗೆ ಏನು ಮಾಡಿಸಿದರೂ ಲೋಡಿಗಾಗಿ. ಹಿಂದಿನ ಸ್ಪ್ರಿಂಗಿಗೆ ಒಂದು ಪ್ಲೇಟ್ ಸೇರಿಸುತ್ತಾರೆ, ಸವೆದ ಟಯರನ್ನು ರೀಸೋಲ್ ಮಾಡಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡಿಗೆ ಅಡ್ಡ ನಿಂತಿದೆ; 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ ಎಂದಿದೆ. ಸರಕು ಗಾಡಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಎಫ್.ಸಿ., ಎಂದರೆ ಗಾಡಿ ರಸ್ತೆಗೆ ಯೋಗ್ಯ ಎಂಬ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಎಫ್.ಸಿ.ಯ ದಿನ ಬೇರೆ ಗಾಡಿಯ ಟಯರ್ ಎರವಲು ತಂದು ಹಾಕುವವರೂ ಇದ್ದಾರೆನ್ನಿ. ಆದರೂ ವರ್ಷಕ್ಕೊಮ್ಮೆಯಾದರೂ ಮೇಸ್ತ್ರಿ ಬ್ರೇಕ್ ಬಿಚ್ಚಿ ನೋಡುತ್ತಾನೆ. ಅದು ನನಗೆ ಇಷ್ಟ.

ಹಾಗೆಂದು ಇಲ್ಲಿನ ಸ್ವಾತಂತ್ರ್ಯ ಬೇಡವೆನ್ನಲಾರೆ. ತನ್ನ ಗಾಡಿಯ ಕೆಳಗೆ ತಾನೇ ನುಸುಳಿ ಬೋಲ್ಟ್ ಬಿಗಿಮಾಡುವ ನಿವೃತ್ತ ಶಿಕ್ಷಕರನ್ನು ನಾನು ಊರಿನಲ್ಲಿ ಕಂಡಿಲ್ಲ. ಆದರೆ ಮಿತಿಮೀರಿದರೆ ಇಲ್ಲೂ ಕಾನೂನು ಬರುತ್ತದೆ. ಮೂತಿ ಮೇಲೆತ್ತಿ ಹಿಂಭಾಗ ಕೆಳಗಿಳಿಸುವ ಖಯಾಲಿಯನ್ನು ನಾರ್ತ್ ಕೆರೊಲಿನಾ 2021ರಲ್ಲಿ ನಿಷೇಧಿಸಿತು. ಚಾಲಕನಿಗೆ ಎದುರಿನ ರಸ್ತೆಯೇ ಕಾಣದಿದ್ದರೆ ಇನ್ನೇನು ಮಾಡುತ್ತಾರೆ?

ಕೇಳಿದರೆ ನಾನು ಹೇಳುವುದು 31 ಇಂಚು. ಗೇರಿನ ಮೇಲೆ ಹೊರೆ ಅರ್ಧಕ್ಕಿಳಿಯುತ್ತದೆ, ಕೆಸರಿಗೂ ಸಾಕು. ಹಾಕಿಸಿದ ಮೇಲೆ ಮುಂದಿನ ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಟಯರ್ ಎಲ್ಲಿ ಉಜ್ಜುತ್ತದೆ ಎಂದು ಟಾರ್ಚ್ ಹಿಡಿದು ನೋಡಬೇಕು. ಸ್ಟೆಪ್ನಿಯನ್ನೂ ಅದೇ ಅಳತೆಯದು ತೆಗೆದುಕೊಳ್ಳಬೇಕು. ಒಂದು ಚಕ್ರ ಚಿಕ್ಕದಾಗಿರುವಾಗ ಫೋರ್‌ವೀಲ್ ಹಾಕಿ ಡಾಂಬರು ರಸ್ತೆಯಲ್ಲಿ ಓಡಿಸಿದರೆ ಎಂಜಿನ್ನಿನ ಬಲವನ್ನು ಹಿಂದೆ ಮುಂದೆ ಹಂಚುವ ಗೇರ್ ಪೆಟ್ಟಿಗೆಗೆ, ಅಂದರೆ ಟ್ರಾನ್ಸ್‌ಫರ್ ಕೇಸಿಗೆ, ಪೆಟ್ಟು. ಹಾಗೆಯೇ ಹಳೆಯ ಜಾಕ್ ಈಗಿನ ಎತ್ತರಕ್ಕೆ ಎಟುಕುತ್ತದೆಯೇ ಎಂಬುದನ್ನು ಮನೆಯಂಗಳದಲ್ಲೇ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.