ಮ್ಯೂನಿಕ್‌ನ ಸೈಕಲ್ ಪಥಗಳ ಕುರಿತು ಸ್ಪಷ್ಟನೆ

ಮ್ಯೂನಿಕ್‌ನಲ್ಲಿ ಸೈಕಲ್ ಪಥವಿರುವ ಕಡೆಯೆಲ್ಲ ಅದರಲ್ಲೇ ಸಾಗಬೇಕು, ರಸ್ತೆಗಿಳಿದರೆ ದಂಡ ಎಂಬ ಸಂದೇಶವೊಂದು ಅಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಅದು ಸರಿಯಲ್ಲ. ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿಯ 2ನೇ ಕಲಮಿನ ಪ್ರಕಾರ, ನೀಲಿ ವೃತ್ತದೊಳಗೆ ಬಿಳಿ ಸೈಕಲ್ ಚಿತ್ರವಿರುವ ಫಲಕ (ಸಂಖ್ಯೆ 237, 240 ಅಥವಾ 241) ಇದ್ದರೆ ಮಾತ್ರ ಪಥದ ಬಳಕೆ ಕಡ್ಡಾಯ. ನಿಂತ ಕಾರುಗಳ ಬಾಗಿಲಿಗೆ ತಾಗಿಕೊಂಡೇ ಸಾಗುವ ಇಕ್ಕಟ್ಟಾದ ಹಳೆಯ ಪಥಕ್ಕೆ ಈ ಫಲಕವಿಲ್ಲದಿದ್ದರೆ, ಸವಾರರು ರಸ್ತೆಯಲ್ಲೇ ಹೋಗಬಹುದು, ಮತ್ತು ಹಲವೆಡೆ ಅದೇ ಹೆಚ್ಚು ಸುರಕ್ಷಿತ. ಮಾಮೂಲಿಗಿಂತ ಗಣನೀಯವಾಗಿ ಹೆಚ್ಚಿನ ಅಪಾಯವಿರುವಲ್ಲಿ ಮಾತ್ರ ಕಡ್ಡಾಯ ಹೇರಬಹುದೆಂದು ಫೆಡರಲ್ ಆಡಳಿತ ನ್ಯಾಯಾಲಯ 2010ರಲ್ಲಿ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ್ದೇ ಆದ ರೇಗೆನ್ಸ್‌ಬುರ್ಗ್ ನಗರದ ಪ್ರಕರಣದಲ್ಲಿ, ತೀರ್ಪಿತ್ತಿದೆ. ಫಲಕವಿದ್ದೂ ಪಥ ಬಿಟ್ಟರೆ 20 ಯೂರೊ ದಂಡವಿರುವುದು ನಿಜ. ಆ ಸಂದೇಶವನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ.